ಮಧ್ವರಾಜರ ಮರಣದ ಬಗ್ಗೆ ಸ್ಪಷ್ಟೀಕರಣ

ಕೋಶ ಸಂಶೋಧನಾ ವಿಭಾಗ, ನವಿ ಮುಂಬಯಿ
ಸಂಖ್ಯೆ: ಕೋಸಂ/ಆಡಳಿತ/ಫ್ಲಾಸ್ಕ್-7/2011-12
ದಿನಾಂಕ: 14-09-2011
(ಕನ್ನಡ ಬಲ್ಲ ಸಿಬ್ಬಂದಿಗೆ ಮಾತ್ರ, ಹೆಸರಿಟ್ಟವರು ಅವರೇ ಆದ್ದರಿಂದ)

ವಿಷಯ: ಕ್ಯಾನ್ಸರ್ ಕೋಶಗಳಿಗೆ ಅಧಿಕಾರಿಗಳ ಹೆಸರಿಡುವುದನ್ನು ನಿಷೇಧಿಸುವ ಬಗ್ಗೆ.
ಉಲ್ಲೇಖ: ದಿನಾಂಕ 12ರಂದು ಸ್ವೀಕೃತವಾದ ಹೂವಿನ ಹಾರ.

1. ಡಾ. ಶ್ರೀವಿದ್ಯಾ ಅವರ ಪ್ರಯೋಗಾಲಯದ ಏಳನೇ ಫ್ಲಾಸ್ಕಿನ ಕ್ಯಾನ್ಸರ್ ಕೋಶಗಳು ಎಂಟು ತಿಂಗಳಿಂದ ಎಷ್ಟು ಕೀಮೋ ಔಷಧ ಹಾಕಿದರೂ ಸಾಯುತ್ತಿರಲಿಲ್ಲ. ಸಫಾಯಿ ಸಿಬ್ಬಂದಿ ಶ್ರೀಮತಿ ಮರಗಮ್ಮ ಇವಕ್ಕೆ ಆಡಳಿತಾಧಿಕಾರಿ ಶ್ರೀ ಮಧ್ವರಾಜ ಅವರ ಹೆಸರಿಟ್ಟಿರುತ್ತಾರೆ. ಕಾರಣ ಕೇಳಲಾಗಿ, "ಎಷ್ಟ್ ಅರ್ಜಿ ಕೊಟ್ರೂ ಸಾಹೇಬ್ರು ಹೊರಗ ಒಗಿತಾರ್ರಿ. ಇವೂ ಎಷ್ಟ್ ಔಷಧ ಹಾಕಿದ್ರೂ ಹೊರಗ ಒಗಿತಾವ" ಎಂದು ಹೇಳಿಕೆ ನೀಡಿರುತ್ತಾರೆ.

2. ಸದರಿ ಹೇಳಿಕೆ ವೈಜ್ಞಾನಿಕವಾಗಿ ಸರಿಯೆಂದು ಡಾ. ಶ್ರೀವಿದ್ಯಾ ದೃಢೀಕರಿಸಿರುವುದು ವಿಷಾದನೀಯ. ಕೋಶದ ಪೊರೆಯಲ್ಲಿರುವ ಪಂಪುಗಳು ಒಳಬಂದ ಔಷಧವನ್ನು ಹೊರದಬ್ಬುತ್ತಿದ್ದವು. ಪಂಪನ್ನು ತಡೆಯುವ ಎರಡನೇ ಔಷಧ ಸೇರಿಸಿದ ಮೇಲೆ ಮೊದಲನೆಯದು ಒಳಗೇ ಉಳಿದು, ದಿನಾಂಕ 12ರ ಬೆಳಿಗ್ಗೆ ಕೋಶಗಳು ಸತ್ತಿರುವುದು ಕಂಡುಬಂತು.

3. ಆಗ ಮರಗಮ್ಮ "ಮಧ್ವರಾಜ ಸತ್ತಾನ್ರೀ!" ಎಂದು ಮೂರು ಮಹಡಿಗೆ ಕೇಳುವಂತೆ ಕೂಗಿರುತ್ತಾರೆ. ಕ್ಯಾಂಟೀನಿನಲ್ಲಿ ಪೇಡಾ ಹಂಚಲಾಗಿದೆ. ಸಂಜೆ ಡೊಂಬಿವಲಿ ಶಾಖೆಯಿಂದ ಹಾರ ಬಂದಿದೆ. ಸದರಿ ಅಧಿಕಾರಿಗಳು ಅರ್ಧ ಪೇಡಾ ತಿಂದ ನಂತರ ಸಂದರ್ಭವೇನೆಂದು ವಿಚಾರಿಸಿರುತ್ತಾರೆ. ಹಾರಕ್ಕಿಂತ ಪೇಡಾ ಮೊದಲು ಬಂದದ್ದು ಅವರ ಮನಸ್ಸಿಗೆ ನೋವುಂಟುಮಾಡಿರುತ್ತದೆ.

4. ಆದ್ದರಿಂದ ಈ ಮೂಲಕ ಆದೇಶಿಸುವುದೇನೆಂದರೆ:
ಅ) ಫ್ಲಾಸ್ಕುಗಳನ್ನು ಸಂಖ್ಯೆಯಿಂದಲೇ ಕರೆಯತಕ್ಕದ್ದು.
ಆ) ಹೆಸರು ಅನಿವಾರ್ಯವಾದಲ್ಲಿ ನಿವೃತ್ತರದ್ದನ್ನು, ಅವರ ಒಪ್ಪಿಗೆಪತ್ರದ ಮೂರು ಪ್ರತಿಗಳೊಂದಿಗೆ ಬಳಸತಕ್ಕದ್ದು. ಅತ್ತೆಯ ಹೆಸರಿಡಲು ಗಂಡನ ಸಹಿ ಕಡ್ಡಾಯ.
ಇ) ಕೋಶಗಳ ಸಾವನ್ನು ಪಿಸುಮಾತಿನಲ್ಲಿ ಘೋಷಿಸತಕ್ಕದ್ದು.

5. ಕೂಗಿದ್ದೇಕೆಂದು ವಿಚಾರಣೆ ನಡೆಸಲಾಯಿತು. ಮರಗಮ್ಮನ ತಂಗಿ ಪದ್ಮಾವತಿಗೆ ನಾಲ್ಕು ಸುತ್ತು ಕೀಮೋ ಆದ ಮೇಲೆ ಔಷಧ ನಾಟುವುದು ನಿಂತಿದೆ. "ಇದನ್ನ ನಮ್ಮ ತಂಗಿಗೆ ಯಾವಾಗ ಕೊಡ್ತೀರವ್ವ?" ಎಂದು ಅವರು ಕೇಳಿದ್ದಕ್ಕೆ, "ಫ್ಲಾಸ್ಕಲ್ಲಿ ಗೆದ್ರೆ ಸಾಲದು ಮರಗಮ್ಮ, ಮನುಷ್ಯರಿಗೆ ಕೊಡೋಕೆ ವರ್ಷಗಳೇ ಬೇಕು. ಅವರ ಡಾಕ್ಟರು ಈಗ ಬೇರೆ ಔಷಧ ಶುರು ಮಾಡಿದ್ದಾರಲ್ಲ, ಅದರ ಒಂದು ಸುತ್ತೂ ತಪ್ಪಿಸಬೇಡಿ" ಎಂದು ಡಾ. ಶ್ರೀವಿದ್ಯಾ ಉತ್ತರಿಸಿರುತ್ತಾರೆ.

6. ಈ ಸಂಬಂಧ ಹಿಂದೆ ತಿರಸ್ಕರಿಸಲಾದ ಮರಗಮ್ಮನ ಆರು ರಜೆ ಅರ್ಜಿಗಳನ್ನು ಸದರಿ ಅಧಿಕಾರಿಗಳು ಬಾಗಿಲು ಹಾಕಿಕೊಂಡು ಮೊದಲ ಬಾರಿಗೆ ಪೂರ್ತಿ ಓದಿರುತ್ತಾರೆ. ಇನ್ನು ಮುಂದೆ ತಂಗಿಯ ಕೀಮೋ ದಿನಗಳಂದು ಮರಗಮ್ಮನಿಗೆ ಸಂಬಳಸಹಿತ ರಜೆ. ಅರ್ಜಿ ಸ್ವೀಕರಿಸಲಾಗುವುದಿಲ್ಲ, ಅಗತ್ಯವಿಲ್ಲ.

(ಸಹಿ)
ಮಧ್ವರಾಜ
ಆಡಳಿತಾಧಿಕಾರಿ (ಜೀವಂತ)

ಪ್ರತಿಗಳು:
1. ಡಾ. ಶ್ರೀವಿದ್ಯಾ, ಪಿಸುಮಾತಿನ ಅಭ್ಯಾಸಕ್ಕಾಗಿ.
2. ಡೊಂಬಿವಲಿ ಶಾಖೆ, ಹಾರ ವಾಪಸು ಸಹಿತ.
3. ಚಾಲಕ ರಮಾಕಾಂತ: ನಾಳೆ ಬೆಳಿಗ್ಗೆ ಏಳಕ್ಕೆ ಕಚೇರಿ ಜೀಪು ಕಳಂಬೋಲಿಯ ಮರಗಮ್ಮನ ಮನೆಗೆ ಒಯ್ದು, ಅಕ್ಕತಂಗಿಯರನ್ನು ಆಸ್ಪತ್ರೆಗೆ ಕರೆದೊಯ್ದು, ಮುಗಿಯುವವರೆಗೆ ಕಾಯತಕ್ಕದ್ದು. ವಾಹನದ ಪುಸ್ತಕದಲ್ಲಿ 'ತುರ್ತು ಆಡಳಿತ ಕೆಲಸ' ಎಂದು ನಮೂದಿಸತಕ್ಕದ್ದು.