ಲೇಬಲ್ಲಿಲ್ಲದ ಟೋಪಿ

ಬೆಕ್ಕಿಗೆ ಮರಿ ಹಾಕಲು ಊರಲ್ಲಿ ಬೇರೆ ಜಾಗವೇ ಇರಲಿಲ್ಲವೇ? ಆರಿನ್ ಟಿಲ್ಸನ್ ವಕೀಲರ ಟೋಪಿಯೇ ಬೇಕಾಯಿತು. ಅದೂ ಅವರ ಬದುಕಿನ ಅತಿ ದೊಡ್ಡ ಕೇಸಿನ ಕೊನೆಯ ದಿನ.

ಉಣ್ಣೆ ಗಿರಣಿಯಲ್ಲಿ ಡೈನಮೈಟ್ ಬಚ್ಚಿಟ್ಟರೆಂಬ ಆರೋಪದ ಮೇಲೆ ಮುಷ್ಕರದ ಮುಂದಾಳುಗಳಾದ ನುಂಜಿಯೊ ಮತ್ತು ಓನಾ ಎರಡು ತಿಂಗಳಿಂದ ಜೈಲಿನಲ್ಲಿದ್ದರು. ತಪ್ಪಿತಸ್ಥರೆಂದಾದರೆ ಇಪ್ಪತ್ತು ವರ್ಷ. ಅವರಿಬ್ಬರಿಗೂ ದಿಕ್ಕೆಂದರೆ ಟಿಲ್ಸನ್ನರ ಇವತ್ತಿನ ವಾದ.

"ಎಬ್ಬಿಸ್ಬೇಡಿ, ಪಾಪ ಬಾಣಂತಿ!" ಎಂದು ಬಾಡಿಗೆಮನೆಯ ಒಡತಿ ಡನ್ಫಿಯಮ್ಮ ಅಡ್ಡ ಬಂದಳು. "ಬೆಳಿಗ್ಗೇನೇ ಪೇಟೆಗೆ ಹೋಗಿ ನಿಮಗೆ ಹೊಸದು ತಂದಿದೀನಿ. ಎರಡು ಒಟ್ಟಿಗೆ ತಗೊಂಡ್ರೆ ಅಗ್ಗ ಅಂದ ಅಂಗಡಿಯವನು."

ಎರಡನೆಯದು ಯಾರಿಗೆ ಎಂದು ಕೇಳುವಷ್ಟು ಪುರುಸೊತ್ತು ಟಿಲ್ಸನ್ನರಿಗೆ ಇರಲಿಲ್ಲ. ಕರಿ ಟೋಪಿಯನ್ನು ತಲೆಗೇರಿಸಿಕೊಂಡು ಕ್ಷೌರದಂಗಡಿಗೆ ಓಡಿದರು.

ಕ್ಷೌರಿಕ ಅವರ ಮುಖಕ್ಕೆ ಸಾಬೂನು ಬಳಿದು, ಟೋಪಿಯನ್ನು ಗೂಟಕ್ಕೆ ಹಾಕುವ ಮುನ್ನ ಮಗುಚಿ ಹಿಡಿದು, ಒಳಗಿನ ಚರ್ಮದ ಪಟ್ಟಿ ಎತ್ತಿ ನೋಡಿದ. ಅದು ಆ ಊರಿನ ಸಂಘದವರ ರೂಢಿ. ಪಟ್ಟಿಯಡಿ ಟೋಪಿಗಾರರ ಸಂಘದ ಪುಟ್ಟ ಲೇಬಲ್ ಇದ್ದರೆ ಅದು ನ್ಯಾಯವಾದ ಕೂಲಿಯ ಟೋಪಿ. ಇಲ್ಲದಿದ್ದರೆ ಅದನ್ನು ಹಾಕಿದವನು ದ್ರೋಹಿ.

"ವಕೀಲರೇ, ಲೇಬಲ್ ಎಲ್ಲಿ?"

ಟಿಲ್ಸನ್ನರ ಮುಖದ ಮೇಲಿನ ಸಾಬೂನಿನ ನೊರೆ ಕೂಡ ಕೆಂಪಾಗುವುದೊಂದು ಬಾಕಿ. "ಲೇಬಲ್ಲಿಲ್ಲದ ಟೋಪಿ ಹಾಕಿದವನು ಕೂಲಿಯವನ ಮಕ್ಕಳ ರೊಟ್ಟಿ ಕದ್ದವನು" ಎಂದು ಹೋದ ತಿಂಗಳು ಸಂಘದ ಸಭೆಯಲ್ಲಿ ಮೇಜು ಗುದ್ದಿ ಭಾಷಣ ಮಾಡಿದವರು ಬೇರಾರೂ ಅಲ್ಲ, ಇವರೇ.

"ಹೇಳೋದು ಆಚಾರ, ತಿನ್ನೋದು ಬದನೆಕಾಯಿ," ಎಂದು ಕ್ಷೌರಿಕ ಕತ್ತಿ ಮಸೆದ. "ನಾನೇನೋ ಬಾಯಿ ಬಿಡಲ್ಲ. ಕಾರ್ಯದರ್ಶಿ ಕೆಸ್ಲರ್ ಕಣ್ಣಿಗೆ ಬಿದ್ರೆ ಮಾತ್ರ ನಿಮ್ಮನ್ನ ಕೇಸಿಂದಲೇ ತೆಗೆದು ಹಾಕ್ತಾನೆ."

ಬ್ರೂನೊ ಕೆಸ್ಲರ್ ಮುಷ್ಕರ ಸಮಿತಿಯ ಕಾರ್ಯದರ್ಶಿ, ಡನ್ಫಿಯಮ್ಮನ ಮಹಡಿಯ ಕೋಣೆಯಲ್ಲೇ ಬಿಡಾರ. ಲೇಬಲ್ ವಿಷಯದಲ್ಲಿ ಸ್ವಂತ ಭಾವಮೈದುನನನ್ನೂ ಬಿಡದವನು.

ಟಿಲ್ಸನ್ ಟೋಪಿ ಹಾಕಿಕೊಂಡೇ ಕೋರ್ಟಿನೊಳಗೆ ಹೋದರು.

"ವಕೀಲರ ತಲೆಗೆ ಶೀತವೋ?" ಎಂದರು ನ್ಯಾಯಾಧೀಶರು.

ತೆಗೆದು ಕಾಲಡಿ ಅಡಗಿಸಿದರು. ಆರೋಪಿಗಳ ಬೆಂಚಿನಿಂದ ಓನಾ ಬಗ್ಗಿ, "ಟೋಪಿ ಬಿದ್ದಿದೆ ಸ್ವಾಮಿ," ಎಂದು ಅಕ್ಕರೆಯಿಂದ ಕೈ ಚಾಚಿದಳು. "ಬಿಡಮ್ಮಾ, ಬಿಡು!" ಎಂದು ಗದರಿ ಕಿತ್ತುಕೊಂಡರು. ಆ ಹುಡುಗಿ ಬೆಪ್ಪಾಗಿ ನೋಡಿದಳು. ಅವಳ ಕಣ್ಣು ಎದುರಿಸಲಾಗದೆ ಟಿಲ್ಸನ್ ಕಾಗದಗಳಲ್ಲಿ ಮುಖ ಹುದುಗಿಸಿದರು.

ಮಧ್ಯಾಹ್ನದ ಬಿಡುವಿನಲ್ಲಿ ಪಡಸಾಲೆಯ ಗೂಟದಲ್ಲಿ ಅವರದರಂತೆಯೇ ಇದ್ದ ಕರಿ ಟೋಪಿಯೊಂದು ಕಂಡಿತು. ಮಗುಚಿ ನೋಡಿದರು. ಲೇಬಲ್ ಇತ್ತು! ಅತ್ತಿತ್ತ ನೋಡಿ ಅದಲು ಬದಲು ಮಾಡಿಬಿಟ್ಟರು. ಇಪ್ಪತ್ತೆರಡು ವರ್ಷ ಕಾನೂನು ನಂಬಿ ಬದುಕಿದವರು ಕೋರ್ಟಿನ ಸೂರಿನಡಿಯಲ್ಲೇ ಟೋಪಿ ಕದ್ದಿದ್ದರು. ತಮ್ಮ ಮೇಲೆ ತಮಗೇ ಹೇಸಿಗೆಯಾಗಿ ಊಟದ ಡಬ್ಬಿಯನ್ನು ತೆರೆಯದೆಯೇ ಪಕ್ಕಕ್ಕಿಟ್ಟರು.

ಆಮೇಲೆ ಎರಡು ಗಂಟೆ ವಾದಿಸಿದರು. ಹಿಂದಿನ ಸಾಲಿನ ಜೂರಿಯೊಬ್ಬ ಗೊರಕೆ ಹೊಡೆದ. ಕೂಲಿಯವರ ನೀತಿ ನಿಯತ್ತಿನ ಮಾತು ಬಂದಾಗ ಸರ್ಕಾರಿ ವಕೀಲ ವಿಟ್ಲಾಕ್ ಎದ್ದುನಿಂತ.

"ಇವರ ನಿಯತ್ತೆಲ್ಲ ಟೋಪಿಯೊಳಗೆ ಇರುತ್ತಂತೆ. ಬೆಳಿಗ್ಗೆಯಿಂದ ವಕೀಲರು ಯಾಕೋ ಅದನ್ನ ಬಚ್ಚಿಡ್ತಾನೇ ಇದಾರೆ. ತೋರಿಸಲಿ ನೋಡೋಣ!"

ಟಿಲ್ಸನ್ ಎದೆಯುಬ್ಬಿಸಿ ಟೋಪಿ ಮಗುಚಿ ಎತ್ತಿ ಹಿಡಿದರು. ಮುಷ್ಕರದವರು ಹೋ ಎಂದು ಚಪ್ಪಾಳೆ ತಟ್ಟಿದರು. ಆ ಗದ್ದಲದಲ್ಲೇ ಲೇಬಲ್ ಕಳಚಿ, ಬಾಲದಂತೆ ದಾರ ಎಳೆದುಕೊಂಡು, ತೇಲುತ್ತಾ ಹೋಗಿ ಜೂರಿಗಳ ಮುಂದೆ ಬಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಜನರ ನಡುವೆ ಕೆಸ್ಲರ್ ತನ್ನ ಮಡಿಲಲ್ಲಿದ್ದ ಟೋಪಿಯನ್ನು ಗಬಕ್ಕನೆ ಮಗುಚಿ ನೋಡಿ, ಬೀಟ್‌ರೂಟಿನಂತೆ ಕೆಂಪಾದ.

ಟಿಲ್ಸನ್ನರಿಗೆ ಎಲ್ಲ ಹೊಳೆಯಿತು: ಗೂಟದಲ್ಲಿದ್ದದ್ದು ಕೆಸ್ಲರನ ಟೋಪಿ, ಅದರ ಲೇಬಲ್ ಬೇರೆಲ್ಲಿಂದಲೋ ತಂದು ಹೊಲಿದದ್ದು. ನಿಜ ಹೇಳಿದರೆ ತಾನು ಕಳ್ಳ, ಕಾರ್ಯದರ್ಶಿ ಸುಳ್ಳ. ನಾಳೆಯೇ ಮುಷ್ಕರ ನಗೆಪಾಟಲು.

"ಟೋಪಿ ನನ್ನದೇ," ಎಂದರು ನೆಲ ನೋಡುತ್ತಾ. "ಲೇಬಲ್ಲೂ ನನ್ನದೇ. ಮೋಸ ಮಾಡಿದವನು ನಾನೇ."

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬಿಡಲಿಲ್ಲ. ಗೊರಕೆಯವನೂ ಎದ್ದು ಕೂತು ಹೊಟ್ಟೆ ಹಿಡಿದು ನಕ್ಕ.

ಹತ್ತೇ ನಿಮಿಷದಲ್ಲಿ ಜೂರಿಗಳು ಹೊರಬಂದರು. ಇಬ್ಬರೂ ನಿರಪರಾಧಿಗಳು! ಜೂರಿಗಳ ಮುಖಂಡ, ಹಾರ್ಡ್‌ವೇರ್ ಅಂಗಡಿಯವನು, ಮೆಟ್ಟಿಲಿಳಿಯುತ್ತಾ ಹೇಳಿದ: "ಟೋಪಿಗೆ ನಾಲ್ಕು ಹೊಲಿಗೆ ನೆಟ್ಟಗೆ ಹಾಕೋಕೆ ಬರಲ್ಲ. ಇವರ ಕಡೆಯೋರು ಡೈನಮೈಟ್ ಕಟ್ತಾರಾ?"

ಎರಡು ಗಂಟೆಯ ವಾದದ ಒಂದು ಪದವೂ ಯಾರ ಕಿವಿಗೂ ಹೋಗಿರಲಿಲ್ಲ.

ಸಂಜೆ ಸಂಘದ ಸಭೆಯಲ್ಲಿ ಕೆಸ್ಲರ್ ತಲೆ ಎತ್ತದೆ ನಿರ್ಣಯ ಓದಿದ. ವಕೀಲರು ಒಂದು ವಾರ ಆ ಟೋಪಿ ಮಾರಿದ ಅಂಗಡಿಯ ಮುಂದೆ "ಲೇಬಲ್ಲಿಲ್ಲದ ಟೋಪಿ ಕೊಳ್ಳಬೇಡಿ" ಎಂಬ ಹಲಗೆಯನ್ನು ಕತ್ತಿಗೆ ನೇತುಹಾಕಿಕೊಂಡು ನಿಲ್ಲಬೇಕು. ಎಲ್ಲರೂ ಕೈ ಎತ್ತಿದರು. ನುಂಜಿಯೊ ಎತ್ತಿದ. ಸ್ವಲ್ಪ ತಡೆದು ಓನಾಳೂ ಎತ್ತಿದಳು. ಟಿಲ್ಸನ್ನರಿಗೆ ಅದೊಂದು ಕೈ ಕಂಡು ಮಾತ್ರ ತುಂಬ ನೋವಾಯಿತು.

ಮನೆಗೆ ಬಂದಾಗ ಡನ್ಫಿಯಮ್ಮ ಅವರ ಅಂಗೈಯಲ್ಲಿದ್ದ ಲೇಬಲ್ ನೋಡಿ ಕೆನ್ನೆಗೆ ಕೈ ಇಟ್ಟಳು.

"ಅಯ್ಯೋ, ಬಿದ್ದೇ ಹೋಯ್ತಾ? ಎರಡನೇ ಟೋಪಿ ಕೆಸ್ಲರ್‌ಗೆ ತಂದಿದ್ದೆ. ಬೆಳಿಗ್ಗೆ ಅದನ್ನ ನೋಡಿ ಲೇಬಲ್ಲಿಲ್ಲ ಅಂತ ಒಂದೇ ಸಮ ಗೋಳು ಹುಯ್ಕೊಂಡ. ಅವನ ಹಳೇದು ಪೊಲೀಸರ ಲಾಠಿಗೆ ಸಿಕ್ಕಿ ಚಿಂದಿಯಾಗಿತ್ತಲ್ಲ. ಹೇಗೂ ಬೆಕ್ಕಿಗೆ ಲೇಬಲ್ ಯಾಕೆ ಅಂತ ನಿಮ್ಮ ಹಳೇ ಟೋಪಿಯಿಂದ ಬಿಚ್ಚಿ ಅವನದಕ್ಕೆ ಹೊಲಿದುಕೊಟ್ಟೆ."

ಟಿಲ್ಸನ್ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕೋರ್ಟಿನಲ್ಲಿ ನಾಚಿಕೆ ಬಿಟ್ಟು ಸುಳ್ಳು ಹೇಳಿದೆನೆಂದುಕೊಂಡಿದ್ದರು. ಲೇಬಲ್ ಅವರದೇ ಆಗಿತ್ತು. ಈಗ ಹೇಳಿದರೆ ನಂಬುವವರು ಯಾರು?

ಹಿಂದೆ ಯಾರೋ ಕೆಮ್ಮಿದರು. ಕೋರ್ಟಿನಲ್ಲಿ ಅದಲು ಬದಲಾಗಿದ್ದ ಟಿಲ್ಸನ್ನರ ಟೋಪಿ ಹಿಡಿದು ಕೆಸ್ಲರ್ ನಿಂತಿದ್ದ.

"ವಕೀಲರೇ, ನಿಮ್ಮ ಋಣ ಹೇಗೆ ತೀರಿಸ್ಲೋ ಗೊತ್ತಿಲ್ಲ," ಎಂದು ಕೈ ಹೊಸೆದ. "ನಾಳೆಯಿಂದ ನೀವು ಹಲಗೆ ಹಾಕ್ಕೊಂಡು ನೆಟ್ಟಗೆ ನಿಂತಿದೀರಾ ಅಂತ ನೋಡ್ಕೊಳ್ಳೋ ಕೆಲಸ ಸಮಿತಿ ನನಗೇ ವಹಿಸಿದೆ. ಲೇಬಲ್ಲಿಲ್ಲದ ಟೋಪಿ ಹಾಕ್ಕೊಂಡು ಹೇಗೆ ಬರ್ಲಿ ಹೇಳಿ? ಆ ಲೇಬಲ್ ಸ್ವಲ್ಪ ಕೊಡ್ತೀರಾ? ಈ ಸಲ ಭದ್ರವಾಗಿ ಹೊಲಿಸ್ಕೋತೀನಿ."

ಟಿಲ್ಸನ್ ಕೊಟ್ಟರು.