ಗಂಡನ ಕಾಲಂನಲ್ಲಿ ವಾಚ್‌ಮನ್ ತಾತ

ಹೆಣ್ಣಿನಿಂದ ಹೆಣ್ಣಿಗೆ ಯಾವ ಸೋಂಕೂ ಹರಡುವುದಿಲ್ಲವೆಂದು ಮಹಿಳಾ ಆರೋಗ್ಯ ಕೇಂದ್ರದ ನಮೂನೆ ಹದಿನಾಲ್ಕು ತೀರ್ಮಾನಿಸಿತ್ತು. ಏಕೆಂದರೆ ಅದರಲ್ಲಿ ಅಂಥ ಕಾಲಂ ಇರಲಿಲ್ಲ.

ಈ ತೀರ್ಮಾನ ಟೈಲರಮ್ಮನ ಸೋಂಕಿಗೆ ತಿಳಿದಿರಲಿಲ್ಲ. ತಿಂಗಳಿಂದ ತುರಿಕೆ, ಉರಿ. ಮೆಷಿನ್ ಮುಂದೆ ನೆಟ್ಟಗೆ ಕೂರಲಾಗದು. ಹನ್ನೊಂದು ವರ್ಷದಿಂದ ಅವಳೊಂದಿಗೆ ಬಾಳುತ್ತಿರುವ ಡ್ರೈವರಮ್ಮನದೂ ಅದೇ ಪಾಡು. ಡಾಕ್ಟರಮ್ಮ ಪರೀಕ್ಷೆ ಮಾಡಿ, "ಇಬ್ಬರೂ ಒಟ್ಟಿಗೆ ಮಾತ್ರೆ ತಗೊಳ್ಳಿ. ಒಬ್ಬರೇ ತಗೊಂಡ್ರೆ ಮತ್ತೆ ಅಂಟುತ್ತೆ" ಎಂದು ಎರಡು ಪೊಟ್ಟಣ ಬರೆದುಕೊಟ್ಟರು.

ಪೊಟ್ಟಣ ಕೊಡುವವನು ಗುಮಾಸ್ತ.

"ಗಂಡನ ಹೆಸರು?"

"ಗಂಡ ಇಲ್ಲಪ್ಪ. ಇವಳೇ ನನ್ನ ಜೊತೆಗಾರ್ತಿ."

ಗುಮಾಸ್ತ ಕೆಟ್ಟವನಲ್ಲ, ಡ್ರೈವರಮ್ಮನಿಗೆ ಕುರ್ಚಿ ಎಳೆದುಕೊಟ್ಟ. "ನಂದೇನೂ ಅಭ್ಯಂತರ ಇಲ್ಲಮ್ಮ. ಆದ್ರೆ ಎರಡನೇ ಪೊಟ್ಟಣ ಗಂಡಸಿಗೇ ಹೋಗ್ಬೇಕು. ಕಾಲಂ ಖಾಲಿ ಬಿಟ್ರೆ ಮೊದಲನೇದೂ ಸಿಗಲ್ಲ."

ಟೈಲರಮ್ಮನಿಗೆ ರೇಗಿತು, ಹಿಂದೆಯೇ ಅಳುವೂ ಬಂತು. ಅದನ್ನು ನೋಡಲಾರದೆ ಗುಮಾಸ್ತ ಗೇಟಿನಿಂದ ವಾಚ್‌ಮನ್ ತಾತನನ್ನು ಕರೆಸಿ ಕಾಲಂ ತುಂಬಿಸಿದ. ನಿಯಮದಂತೆ ಮಾತ್ರೆಯನ್ನು ಗುಮಾಸ್ತನೆದುರೇ ನುಂಗತಕ್ಕದ್ದು. ಎಪ್ಪತ್ತೊಂದರ ತಾತ ನುಂಗಿದ. ಡ್ರೈವರಮ್ಮ ಕೂತು ನೋಡಿದಳು.

ಮೂರು ವಾರಕ್ಕೆ ತುರಿಕೆ ಮರಳಿತು.

"ನಿಮ್ಮ ಯಜಮಾನ್ರು ಮಾತ್ರೆ ಸರಿಯಾಗಿ ತಗೊಂಡ್ರಾ?" ಎಂದ ಗುಮಾಸ್ತ.

"ನಿನ್ನ ಕಣ್ಣೆದುರೇ ನುಂಗಿದ್ರಲ್ಲಪ್ಪ."

ಡ್ರೈವರಮ್ಮ ಸೆರಗು ಬಿಗಿದು ಎದ್ದಳು. "ಹಂಗಾದ್ರೆ ನನಗೂ ಒಬ್ಬ ಗಂಡನ್ನ ಬರ್ಕೋ."

ಗುಮಾಸ್ತ ನಿಯಮಾವಳಿ ತಿರುವಿದ. ಒಬ್ಬ ಗಂಡಸು ಎಷ್ಟು ನಮೂನೆಗಳಲ್ಲಿ ಗಂಡನಾಗಬಹುದೆಂಬುದಕ್ಕೆ ಮಿತಿಯೇ ಇರಲಿಲ್ಲ. ಅಂದು ಇಬ್ಬರು ಹೆಂಗಸರೂ ತಮ್ಮ ತಮ್ಮ ಹೆಸರಿನ ಮಾತ್ರೆ ನುಂಗಿದರು. ತಾತ ಇಬ್ಬರ ಗಂಡನಾಗಿ ಎರಡು ಪಾಲು ನುಂಗಿ, ಬಾಯಿ ಕಹಿಯಾಯಿತೆಂದು ಸಕ್ಕರೆ ಕೇಳಿದ.

ಇಬ್ಬರಿಗೂ ವಾಸಿಯಾಯಿತು. ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಇಂಥ ಜೋಡಿಗಳು ಊರಲ್ಲಿ ಇಷ್ಟಿದ್ದಾರೆಂದು ಯಾರಿಗೆ ಗೊತ್ತಿತ್ತು! ವರ್ಷಾಂತ್ಯಕ್ಕೆ ತಾತ ನಲವತ್ತೆರಡು ಹೆಂಗಸರ ಗಂಡ. ಕೇಂದ್ರ ಪ್ರಕಟಣೆ ಹೊರಡಿಸಿತು:

"ನಲವತ್ತೆರಡು ಸೋಂಕುಗಳ ಮೂಲ ಪತ್ತೆಯಾಗಿದೆ. ಮಹಿಳೆಯರು ಗೇಟಿನ ಕಾವಲುಗಾರನಿಂದ ಮೂರು ಅಡಿ ಅಂತರ ಕಾಯ್ದುಕೊಳ್ಳತಕ್ಕದ್ದು. ಹೆಣ್ಣಿನಿಂದ ಹೆಣ್ಣಿಗೆ ಹರಡಿದ ಪ್ರಕರಣಗಳು: ಸೊನ್ನೆ."

ಅದನ್ನು ಗೇಟಿಗೆ ಅಂಟಿಸುವುದು ತಾತನದೇ ಕೆಲಸ. ಡ್ರೈವರಮ್ಮನೊಂದಿಗೆ ಮರುಪರೀಕ್ಷೆಗೆ ಬಂದ ಟೈಲರಮ್ಮನನ್ನು ಕಂಡು ಅವನು ತಲೆ ತಗ್ಗಿಸಿದ.

"ನನ್ನಿಂದ ನಿಮಗೆ ಬಹಳ ತೊಂದ್ರೆ ಆಯ್ತು, ತಾಯಿ."

ಟೈಲರಮ್ಮನಿಗೆ ಪಾಪ ಎನಿಸಿತು. ಆದರೆ ಸೋಂಕು ಅವನದಲ್ಲವೆಂದು ಬಾಯಿಬಿಟ್ಟರೆ ಉಳಿದ ನಲವತ್ತು ಹೆಂಗಸರಿಗೆ ಮಾತ್ರೆ ನಿಲ್ಲುತ್ತದೆ.

"ಆಗಿದ್ದು ಆಯ್ತು ಬಿಡಿ ತಾತ," ಎಂದಳು. "ಈ ಮೂಲೆ ಎದ್ದಿದೆ, ಸ್ವಲ್ಪ ಅಂಟು ಹಚ್ಚಿ."

ತಾತ ಗೇಟು ತೆರೆದ. ಇಬ್ಬರೂ ಪ್ರಕಟಣೆಗೆ ಗೌರವ ಕೊಟ್ಟು ಅವನಿಂದ ಮೂರು ಅಡಿ ಸರಿದು, ಪರಸ್ಪರ ಕೈ ಹಿಡಿದುಕೊಂಡು ಒಳಗೆ ಹೋದರು.