ತುಕ್ಕು ಸಾಕುವ ಹುಡುಗಿಯ ಕಾಲೇಜು ಪಟ್ಟಿ

ನಾನು ದಾವಣಗೆರೆಯ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ಪಾಠಕ್ಕೆ ಸಂಬಳ ಕೊಡುತ್ತಾರೆ. ರಿಸಲ್ಟ್ ಬಂದ ಮೇಲೆ ಪಿ.ಜೆ. ಬಡಾವಣೆಯ ನಮ್ಮ ಮನೆ ಹಾಲ್‌ನಲ್ಲಿ ನಡೆಯುವ ಕೆಲಸಕ್ಕೆ ಮಾತ್ರ ಸಂಬಳವೂ ಇಲ್ಲ, ರಜೆಯೂ ಇಲ್ಲ. ಮಕ್ಕಳನ್ನು ಕರೆದುಕೊಂಡು ಅಪ್ಪ ಅಮ್ಮಂದಿರು ಬರುತ್ತಲೇ ಇರುತ್ತಾರೆ. ಒಂದು ವರ್ಷ ಬಾಗಿಲಲ್ಲಿ ಬಿದ್ದಿದ್ದ ಚಪ್ಪಲಿ ರಾಶಿ ನೋಡಿ ಎದುರು ಮನೆಯವರು, "ಮನೇಲಿ ಯಾರಿಗೇನಾಯ್ತು?" ಎಂದು ಮುಖ ಸಣ್ಣ ಮಾಡಿಕೊಂಡು ಬಂದಿದ್ದರು.

ಕೆಲಸ ಇಷ್ಟೇ. ಇಂಜಿನಿಯರಿಂಗ್ ಸೀಟಿಗೆ ಹುಡುಗರು ಕಾಲೇಜುಗಳ ಪಟ್ಟಿಯೊಂದನ್ನು ವೆಬ್‌ಸೈಟಿನಲ್ಲಿ ತುಂಬಬೇಕು. ಕಂಪ್ಯೂಟರು ಆ ಪಟ್ಟಿಯನ್ನು ಮೇಲಿನಿಂದ ನೋಡುತ್ತ ಬರುತ್ತದೆ. ಅವರ ರ‍್ಯಾಂಕಿಗೆ ಯಾವುದು ಮೊದಲು ಸಿಕ್ಕಿತೋ ಅದನ್ನು ಕೊಟ್ಟು ನಿಲ್ಲಿಸಿಬಿಡುತ್ತದೆ, ಕೆಳಗಿನದನ್ನು ಓದುವುದೇ ಇಲ್ಲ. ಹಾಗಾಗಿ ತುಂಬ ಆಸೆಯವು ಮೇಲೆ, ಸಿಗಬಹುದಾದವು ನಡುವೆ, ಖಾತ್ರಿ ಸಿಗುವವು ಕೆಳಗೆ. ಇಷ್ಟು ಹೇಳಿಕೊಡುವುದಕ್ಕೆ ನಾನು ಪ್ರತಿ ವರ್ಷ ಗಂಟಲು ಹರಿದುಕೊಳ್ಳುತ್ತೇನೆ, ಪ್ರತಿ ವರ್ಷವೂ ಏನಾದರೊಂದು ಆಗಿಯೇ ಆಗುತ್ತದೆ. ಈ ವರ್ಷ ಆದದ್ದೆಲ್ಲ ಒಂದೇ ಮನೆಯವರಿಂದ.

ಒಂದು: ಸೀಸೆಗಳು

ಹುಡುಗಿ ನನ್ನ ವಿದ್ಯಾರ್ಥಿನಿ. ಊರು ಹರಿಹರದ ಪಕ್ಕದ ಗುತ್ತೂರು. ಅಪ್ಪ ಅಲ್ಲಿಯ ಫ್ಯಾಕ್ಟರಿಯೊಂದರಲ್ಲಿ ಲೇತ್ ಮಷಿನ್ ನಡೆಸುತ್ತಾರೆ. ಅವಳಿಗೆ ಜಗತ್ತಿನಲ್ಲಿ ಪ್ರೀತಿ ಇರುವುದು ಒಂದರ ಮೇಲೆ, ಅದು ಕಬ್ಬಿಣದ ತುಕ್ಕು. ನನ್ನ ಲ್ಯಾಬಿನಲ್ಲಿ ಉಳಿದವರೆಲ್ಲ ಬಣ್ಣ ಬದಲಾಗುವ ದ್ರಾವಣ ನೋಡುತ್ತಿದ್ದರೆ ಇವಳು ಸ್ಟೂಲಿನ ಕಾಲು ನೋಡುತ್ತ ಕೂತಿರುತ್ತಿದ್ದಳು.

ಮೊದಲ ದಿನ ಅಪ್ಪ ಮಗಳು ಇಬ್ಬರೂ ಬಂದರು. ನಾನು ಹುಡುಗಿಯನ್ನು, "ಏನು ಓದ್ಬೇಕು ಅಂತಿದೀಯ?" ಎಂದು ಕೇಳಿದೆ.

"ಮೆಟಲರ್ಜಿ ಮಿಸ್. ಲೋಹದ ಬಗ್ಗೆ ಕಲಿಸ್ತಾರಲ್ಲ, ಅದು."

ಅಪ್ಪ ಕುರ್ಚಿಯ ಅಂಚಿಗೆ ಬಂದರು. "ಮೇಡಂ, ಎಲ್ರೂ ಕಂಪ್ಯೂಟರ್ ತಗೊಳ್ತಾರ. ಇಲ್ಲೇ ದಾವಣಗೆರ‍್ಯಾಗ ಸಿಗತೈತೆ, ದಿನಾ ಬಸ್ಸಿನಾಗ ಹೋಗಿ ಬರಬೋದು. ಇವ್ಳು ಕೇಳಂಗಿಲ್ಲ. ಇಪ್ಪತ್ತೆಂಟು ವರ್ಷ ಆತ್ರಿ ನಾನು ಲೇತ್ ಮುಂದೆ ನಿಂತು. ಸಂಜಿಕೆ ಎಣ್ಣಿ ಬಟ್ಟಿ ಹಿಡ್ದು ಒರೆಸಿ ಬರ್ತೀನಿ, ಒಂದು ಚುಕ್ಕಿ ತುಕ್ಕು ಹಿಡೀಬಾರ್ದು ಅಂತ. ಇವ್ಳು ಮನ್ಯಾಗ ಅದನ್ನೇ ಸಾಕ್ಯಾಳ್ರಿ."

"ಸಾಕಿಲ್ಲ ಮಿಸ್, ಗಮನಿಸ್ತಿದೀನಿ," ಎಂದಳು ಹುಡುಗಿ.

ಅವರ ಮನೆಯ ಕಿಟಕಿಯ ಮೇಲೆ ಸಾಲಾಗಿ ಉಪ್ಪಿನಕಾಯಿ ಸೀಸೆಗಳು, ಒಂದೊಂದರಲ್ಲೂ ಒಂದು ಮೊಳೆ. ಒಂದರಲ್ಲಿ ಹೊಳೆ ನೀರು, ಒಂದರಲ್ಲಿ ಬೋರ್ ನೀರು, ಒಂದರಲ್ಲಿ ಮಜ್ಜಿಗೆ, ಕೊನೆಯದರಲ್ಲಿ ಅಜ್ಜಿಯ ಕಷಾಯ. ಕಷಾಯದ ಮೊಳೆ ಎರಡೇ ದಿನಕ್ಕೆ ಇದ್ದಿಲಿನ ಹಾಗೆ ಕಪ್ಪಾಯಿತಂತೆ. ಅದನ್ನು ನೋಡಿದ ಮೇಲೆ ಮನೆಯಲ್ಲಿ ಯಾರಿಗೂ ನೆಗಡಿ ಬಂದಿಲ್ಲ, ಬಂದರೂ ಹೇಳುತ್ತಿಲ್ಲ.

ಹೊರಡುವಾಗ ಅಪ್ಪ ನನ್ನ ಬಳಿ ಮೆಲ್ಲಗೆ ಹೇಳಿದರು: "ಮಗಳು ತುಕ್ಕಿನ ಮ್ಯಾಲೆ ಓದ್ತಾಳ ಅಂತ ನಮ್ಮ ಓನರ್‌ಗೆ ಗೊತ್ತಾದ್ರ ನನ್ನ ಮಷಿನ್ ಹತ್ರ ಬಿಡ್ತಾರೇನ್ರಿ?"

ಎರಡು: ಕಾಲೇಜು ನೋಡುವ ಶಾಸ್ತ್ರ

ಖಾತ್ರಿಯ ಕಾಲೇಜುಗಳನ್ನೂ ಕಣ್ಣಾರೆ ನೋಡಿ ಬರೆಯಬೇಕು ಎನ್ನುವುದು ನನ್ನ ನಿಯಮ. ಆಮೇಲೆ ಅಲ್ಲಿಯೇ ನಾಲ್ಕು ವರ್ಷ ಕಳೆಯುವ ಹಾಗಾದರೆ ಅಳಬಾರದಲ್ಲ. ದಾವಣಗೆರೆಯದೇ ಒಂದು ಕಾಲೇಜಿಗೆ ನಾನೇ ಅವಳನ್ನು ಕರೆದುಕೊಂಡು ಹೋದೆ. ಹೆಸರು ಬೇಡ, ಪ್ರಿನ್ಸಿಪಾಲರು ಒಳ್ಳೆಯವರು.

ಅವರು ಖುಷಿಯಿಂದ ಹೊಸ ಕಟ್ಟಡ, ಹೊಸ ಕಂಪ್ಯೂಟರು, ಹೊಸ ಪ್ರೊಜೆಕ್ಟರು ಎಲ್ಲ ತೋರಿಸಿದರು. ಹುಡುಗಿ ಸುಮ್ಮನೆ ಬಂದಳು. ವರ್ಕ್‌ಶಾಪ್ ಹಿಂದೆ ಮುರಿದು ಬಿದ್ದಿದ್ದ ಗೇಟೊಂದನ್ನು ಕಂಡದ್ದೇ ಅವಳ ಮುಖ ಅರಳಿತು. ಚೀಲದಿಂದ ಭೂತಗನ್ನಡಿ ತೆಗೆದು ಮಂಡಿಯೂರಿ ಕೂತಳು.

"ಸರ್, ಇದು ಎಷ್ಟು ವರ್ಷದಿಂದ ಇಲ್ಲಿ ಬಿದ್ದಿದೆ?"

ಪ್ರಿನ್ಸಿಪಾಲರ ಮುಖ ಕೆಂಪಾಯಿತು. "ಮೊನ್ನೆ, ಮೊನ್ನೆ ಇಟ್ಟಿದ್ದಮ್ಮ. ಇವತ್ತೇ ತೆಗೆಸ್ತೀನಿ."

"ಸರ್, ಎಂಟು ಹತ್ತು ವರ್ಷದ ಪದರ ಇದೆ. ಸ್ವಲ್ಪ ಕೆರಕೊಳ್ಳಲಾ?"

ಅವರು ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ಇವರು ಯಾವ ಕಮಿಟಿಯಿಂದ ಬಂದಿರೋದು?" ಎಂದು ಕೇಳಿದರು. ವಿದ್ಯಾರ್ಥಿನಿ ಎಂದರೆ ನಂಬಲಿಲ್ಲ.

ಮುಂದಿನ ವಾರ ಹುಡುಗಿ ಅಪ್ಪನನ್ನು ಕರೆದುಕೊಂಡು ಮತ್ತೊಮ್ಮೆ ಅಲ್ಲಿಗೆ ಹೋದಳು. ಗೇಟು ಮಾಯವಾಗಿತ್ತು. ಕಿಟಕಿಯ ಸರಳು, ಸೈಕಲ್ ಸ್ಟ್ಯಾಂಡು, ನೀರಿನ ಟ್ಯಾಂಕಿನ ಏಣಿ, ಎಲ್ಲಕ್ಕೂ ಹಸಿ ಹಸಿ ಹಸಿರು ಬಣ್ಣ ಬಳಿದಿದ್ದರು. ಅಪ್ಪನಿಗೆ ಕಾಲೇಜು ಬಹಳ ಹಿಡಿಸಿತು. ಮಗಳು ಮನೆಗೆ ಬಂದು ಪಟ್ಟಿಯಲ್ಲಿ ಅದನ್ನು ಕಟ್ಟಕಡೆಗೆ ಇಳಿಸಿ, ಪಕ್ಕದಲ್ಲಿ ಕಾರಣ ಬರೆದಳು: 'ಮುಖ್ಯವಾದದ್ದೆಲ್ಲ ಹಾಳು ಮಾಡಿದ್ದಾರೆ.'

ಮೂರು: ಅಜ್ಜಿಯ ನಕ್ಷೆ

ಅಜ್ಜಿ, ಅಂದರೆ ಹುಡುಗಿಯ ಅಪ್ಪನ ತಾಯಿ, ಮೂಲತಃ ಹರಿಹರದ ಕಡೆಯ ಸಾರಥಿ ಎನ್ನುವ ಹಳ್ಳಿಯವರು. ಮೂರನೆಯ ಸಲ ಅವರೂ ಬಂದರು. ಕಾಲೇಜಿನ ಬಗ್ಗೆ ಅವರದು ಒಂದೇ ಪ್ರಶ್ನೆ.

"ಆ ಊರಾಗ ನಮ್ಮೋರು ಯಾರದಾರ?"

ನಾನು ಪಟ್ಟಿಯಲ್ಲಿದ್ದ ಒಂದೊಂದೇ ಊರನ್ನು ಓದುತ್ತ ಹೋದೆ. ಅಜ್ಜಿ ಕಣ್ಣು ಮುಚ್ಚಿ, ನಾದಿನಿಯ ಮಗಳು, ಬೀಗರ ತಮ್ಮ, ಸಾರಥಿಯಿಂದ ಮದುವೆಯಾಗಿ ಹೋದವಳು, ಹೀಗೆ ಒಬ್ಬೊಬ್ಬರನ್ನು ಹೊರಗೆ ತೆಗೆಯುತ್ತ ಬಂದರು. ಹುಡುಗಿ ಪಕ್ಕದಲ್ಲಿ ಕೂತು ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದಳು. ಅಜ್ಜಿಗೆ ಹೆಮ್ಮೆಯೋ ಹೆಮ್ಮೆ. "ನೋಡ್ರಿ ಟೀಚರಮ್ಮ, ಹಿರೇರ ಮಾತಿಗೆ ಎಷ್ಟು ಬೆಲಿ ಕೊಡ್ತಾಳ ನನ್ನ ಮೊಮ್ಮಗಳು."

ನಾನು ಬಗ್ಗಿ ನೋಡಿದೆ. ನೆಂಟರಿದ್ದ ಊರುಗಳೆಲ್ಲ ಕೆಳಗೆ ಹೋಗಿದ್ದವು. ಯಾರೂ ಇಲ್ಲದ ಒಂದೇ ಒಂದು ಊರು ಮೇಲೆ ಬಂದು ಕೂತಿತ್ತು. ಪುಣ್ಯಕ್ಕೆ ಮೆಟಲರ್ಜಿಗೆ ಒಳ್ಳೆಯ ಕಾಲೇಜು ಇದ್ದದ್ದೂ ಅದೇ ಊರಿನಲ್ಲಿ. ಬಸ್ಸಿನಲ್ಲಿ ಒಂದು ಹಗಲಿನ ದಾರಿ.

ಅಜ್ಜಿ ಆ ಊರನ್ನು ಬಿಡಲಿಲ್ಲ. ಕಾಫಿ ಕುಡಿಯುತ್ತ ಯೋಚಿಸಿದರು, ಲೋಟ ಕೆಳಗಿಟ್ಟು ಯೋಚಿಸಿದರು, ಎದ್ದು ಬಾಗಿಲ ತನಕ ಹೋಗಿ ವಾಪಸು ಬಂದರು. "ಐತೆ. ನಮ್ಮ ಸಾರಥಿ ಮನಿ ಪಕ್ಕದಾಕಿ ತಂಗಿ ಅಲ್ಲೇ ಹಾಸ್ಟೆಲ್ಲಿನಾಗ ವಾರ್ಡನ್ ಅದಾಳ. ಬಲು ಕಟ್ಟುನಿಟ್ಟು."

ಹುಡುಗಿ ನನ್ನ ಕಡೆ ತಿರುಗಿದಳು. "ಮಿಸ್, ಪಟ್ಟಿಯಲ್ಲಿ ಪಕ್ಕದ ರಾಜ್ಯನೂ ಸೇರಿಸಬಹುದಾ?"

ನಾಲ್ಕು: ಸೋದರಮಾವನ ಕಾರ್ಡು

ಅಂತೂ ಒಂದು ಪಟ್ಟಿ ತಯಾರಾಯಿತು. ಮೇಲೆ ದೂರದ ಊರಿನ ಮೆಟಲರ್ಜಿ, ನಡುವೆ ಇನ್ನೆರಡು ಮೆಟಲರ್ಜಿ ಮತ್ತು ಕೆಮಿಕಲ್, ಕೆಳಗೆ ಅಪ್ಪನ ಸಮಾಧಾನಕ್ಕೆ ದಾವಣಗೆರೆಯ ಕಂಪ್ಯೂಟರ್. ಇದನ್ನು ನೀಟಾಗಿ ಟೈಪ್ ಮಾಡಿಸುತ್ತೇನೆಂದು ಹುಡುಗಿಯ ಸೋದರಮಾವ ಮುಂದೆ ಬಂದರು. ಅವರದು ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು.

ಎರಡು ದಿನದ ಮೇಲೆ ಪಟ್ಟಿ ಬಂತು. ದಪ್ಪ ಕಾಗದ, ಸುತ್ತ ಬಂಗಾರದ ಬಳ್ಳಿ, ನೆತ್ತಿಯ ಮೇಲೆ ಗಣಪತಿ. ಕಾಲೇಜುಗಳ ಕ್ರಮ ಮಾತ್ರ ನಾನು ಕೊಟ್ಟದ್ದಲ್ಲ.

"ಇದೇನ್ರಿ, ಹಿಂದು ಮುಂದು ಆಗಿದೆ?" ಎಂದೆ.

"ಇಲ್ಲ ಮೇಡಂ, ಸರಿ ಐತೆ," ಎಂದರು ಅವರು, ನನಗೆ ತಿಳಿವಳಿಕೆ ಕಡಿಮೆ ಎನ್ನುವ ಕನಿಕರದಿಂದ. "ನೀವು ಮೊನ್ನೆ ಮೊನ್ನೆ ಶುರುವಾದ ಕಾಲೇಜನ್ನ ಮ್ಯಾಲೆ ಹಾಕಿ, ಹಳೇ ಕಾಲೇಜನ್ನ ಕೆಳಗೆ ಹಾಕಿದ್ರಿ. ಕಾರ್ಡಿನಾಗ ಹಂಗ ಹಾಕಂಗಿಲ್ಲ. ಹಿರೇರು ಮೊದ್ಲು, ಕಿರೇರು ಆಮೇಲೆ. ಒಂದು ಹೆಸರು ಹೆಚ್ಚು ಕಮ್ಮಿ ಆದ್ರ ಮದ್ವಿ ಮನ್ಯಾಗ ಊಟ ಮಾಡ್ದೆ ಎದ್ದು ಹೋಗ್ತಾರ್ರಿ."

ಕಂಪ್ಯೂಟರು ಊಟ ಬಿಟ್ಟು ಏಳುವುದಿಲ್ಲ ಎಂದು ಎಷ್ಟು ಹೇಳಿದರೂ ಅವರಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಕಾರ್ಡನ್ನು ಕೊನೆಯ ತನಕ ಓದಿದೆ. ಯಾರ ಮನಸ್ಸಿಗೂ ನೋವಾಗಬಾರದೆಂದು ಕೆಳಗೆ ಒಂದು ಸಾಲು ಸೇರಿಸಿದ್ದರು: 'ಹಾಗೂ ರಾಜ್ಯದ ಇತರ ಸಮಸ್ತ ಕಾಲೇಜುಗಳು.'

ಐದು: ಕೊನೆಯ ದಿನ

ಇಷ್ಟೆಲ್ಲ ಆಗಿ, ಹುಡುಗಿ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಸರಿಯಾದ ಪಟ್ಟಿಯನ್ನೇ ತುಂಬಿದಳು. ತಿದ್ದುಪಡಿಗೆ ಒಂದು ವಾರ ಸಮಯವಿತ್ತು, ಕೊನೆಯ ದಿನ ಸಂಜೆ ಐದಕ್ಕೆ ಮುಗಿಯುತ್ತಿತ್ತು. ಈಗ ಹೇಳುವುದನ್ನು ನನಗೆ ಹೇಳಿದ್ದು ಅವಳ ಅಪ್ಪನೇ, ಸೀಟು ಬಂದ ಮೇಲೆ, ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತು.

ಕೊನೆಯ ದಿನ ಅವರಿಗೆ ಮಷಿನ್ ಮುಂದೆ ನಿಲ್ಲಲಾಗಲಿಲ್ಲ. ಮಗಳನ್ನು ಅಷ್ಟು ದೂರ ಬಿಡುವುದು, ಅದೂ ಯಾರೂ ಕೇಳಿರದ ಓದಿಗೆ. ಆ ಹೆದರಿಕೆ ಸುಳ್ಳಲ್ಲ, ನನಗೂ ಅದು ಇತ್ತು. ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಹರಿಹರದ ಒಂದು ಸೈಬರ್ ಸೆಂಟರಿಗೆ ಹೋದರು. ಚೀಟಿಯಲ್ಲಿ ಪಾಸ್‌ವರ್ಡ್ ಬರೆದುಕೊಂಡಿದ್ದರು. ದಾವಣಗೆರೆಯ ಕಂಪ್ಯೂಟರನ್ನು ಕೆಳಗಿನಿಂದ ಎತ್ತಿ ಮೊದಲನೆಯದು ಮಾಡಿಬಿಟ್ಟರೆ ಅದೇ ಸಿಗುತ್ತದೆ, ಮಗಳು ಮನೆಯಲ್ಲೇ ಉಳಿಯುತ್ತಾಳೆ. ಅವಳಿಗೆ ಗೊತ್ತಾಗುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಸಾಲು ಕರಗಿ ಅವರ ಸರದಿ ಬರುವಷ್ಟರಲ್ಲಿ ನಾಲ್ಕೂವರೆ ದಾಟಿತ್ತು. ಸೈಬರಿನವನು, "ಓಟಿಪಿ ಹೇಳ್ರಿ ಅಣ್ಣ," ಎಂದ.

ಓಟಿಪಿ ಹೋಗಿದ್ದು ಅಜ್ಜಿಯ ಫೋನಿಗೆ. ಅಪ್ಪ ಆಫರ್ ಬಂದಾಗಲೆಲ್ಲ ಸಿಮ್ ಬದಲಿಸುವವರು. ವರ್ಷಗಟ್ಟಲೆ ಬದಲಾಗದ ನಂಬರು ಆ ಮನೆಯಲ್ಲಿ ಅದೊಂದೇ ಎಂದು ಅರ್ಜಿಗೆ ಅದನ್ನೇ ಕೊಟ್ಟಿದ್ದರು. ಅಂದು ಅಪ್ಪ ಮತ್ತೊಂದು ಹೊಸ ಸಿಮ್‌ನಿಂದಲೇ ಮನೆಗೆ ಫೋನ್ ಮಾಡಿದರು.

"ಅವ್ವ, ನಾನು. ನಿನ್ನ ಫೋನಿಗೆ ಒಂದು ನಂಬರ್ ಬಂದೈತೆ, ಸ್ವಲ್ಪ ಓದಿ ಹೇಳು."

ಆ ಕಡೆಯಿಂದ ಅಜ್ಜಿ ಕೇಳಿದರು, "ಯಾವನಲೇ ನೀನು?"

"ಅವ್ವ, ನಾನವ್ವ. ನಿನ್ನ ಮಗ."

"ನನ್ನ ಮಗ ಫ್ಯಾಕ್ಟರಿಯಾಗ ಅದಾನ. ಅವನ ನಂಬರ್ ಇದಲ್ಲ. ಯಾರಿಗಾದ್ರೂ ಫೋನ್ ಹಚ್ಚಿದ್ರ ಮೊದ್ಲು ಅದನ್ನೇ ಹೇಳ್ತಾರ, ಯಾರ್ ಕೇಳಿದ್ರೂ ಓಟಿಪಿ ಕೊಡಬ್ಯಾಡ್ರಿ ಅಂತ. ಮನಿಯೋರ ದನಿ ಮಾಡ್ಕೊಂಡು ಬೇಕಾದ್ರೂ ಕೇಳ್ತಾರಂತ."

ಅಪ್ಪ ತಮ್ಮ ಹೆಸರು ಹೇಳಿದರು, ಸತ್ತ ಅಪ್ಪನ ಹೆಸರು ಹೇಳಿದರು. "ಅದು ಆಧಾರ್ ಕಾರ್ಡಿನಾಗೂ ಐತೆ," ಎಂದರು ಅಜ್ಜಿ. ಚಿಕ್ಕಂದಿನಲ್ಲಿ ಸಾರಥಿಯಲ್ಲಿ ಎಮ್ಮೆ ಮೇಲಿಂದ ಬಿದ್ದು ಮುಂಗೈ ಮುರಿದದ್ದನ್ನು ಹೇಳಿದರು. "ಊರಿಗೆಲ್ಲ ಗೊತ್ತಿರೋದು ಹೇಳಬ್ಯಾಡ."

ಸೈಬರಿನ ಗೋಡೆ ಗಡಿಯಾರ ಐದಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಅಪ್ಪನಿಗೆ ಅಳು ಬರುವ ಹಾಗಾಯಿತು. "ಅವ್ವ, ನಿನ್ನ ಕಾಲಿಗೆ ಬೀಳ್ತೀನಿ, ಹೇಳು."

"ಅಲ್ಲೇ ಸಿಕ್ಕಿಬಿದ್ದೆ ನೋಡು," ಎಂದರು ಅಜ್ಜಿ. "ನನ್ನ ಮಗ ಮದ್ವಿ ದಿನ ಬಿಟ್ಟು ಯಾವತ್ತೂ ನನ್ನ ಕಾಲಿಗೆ ಬಿದ್ದಿಲ್ಲ." ಫೋನು ಕಟ್ ಆಯಿತು. ಮತ್ತೆ ಮಾಡಿದರೆ ಸ್ವಿಚ್ ಆಫ್. ಐದು ಗಂಟೆಯಾಯಿತು. ಪಟ್ಟಿ ಇದ್ದ ಹಾಗೇ ಉಳಿಯಿತು.

ಹುಡುಗಿಗೆ ಮೊದಲನೆಯ ಆಯ್ಕೆಯೇ ಸಿಕ್ಕಿತು.

"ಮೇಡಂ, ಅವ್ಳು ಪರದೆ ನೋಡಿ ನನ್ನ ತಬ್ಬಿಕೊಂಡು ಅತ್ತಳ್ರಿ," ಎಂದರು ಅಪ್ಪ. "ಹಂಗ ಅವ್ಳು ಖುಷಿ ಪಟ್ಟಿದ್ದು ನಾನು ನೋಡೇ ಇಲ್ಲ. ನಾನು ಎಂಥಾ ತಪ್ಪು ಮಾಡಾಕ ಹೋಗಿದ್ದೆ ಅಂತ ಆವಾಗ ತಿಳೀತು. ಇದನ್ನ ಅವ್ಳಿಗೆ ಹೇಳಬ್ಯಾಡ್ರಿ." ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮುಂದಿನ ಭಾನುವಾರ ಅವರ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ನಾನು, ಹುಡುಗಿ, ಅಪ್ಪ ಸಾಲಾಗಿ ಕೂತಿದ್ದೆವು. ಅಜ್ಜಿ ಬಡಿಸುತ್ತ, ಬಂದವರಿಗೆಲ್ಲ ಹೇಳಿದ್ದನ್ನು ನನಗೂ ಹೇಳಿದರು. "ಟೀಚರಮ್ಮ, ಮೊನ್ನೆ ಯಾವನೋ ಕಳ್ಳ ಫೋನ್ ಮಾಡಿದ್ದ. ಥೇಟ್ ನನ್ನ ಮಗನ ದನಿ. ಅಳಾಕ ಬ್ಯಾರೆ ಶುರು ಮಾಡಿದ. ನಾನು ಬಿಡ್ತೀನಾ, ಚಲೋ ಬೈದು ಇಟ್ಟೆ."

ಹುಡುಗಿ ಬಿದ್ದು ಬಿದ್ದು ನಕ್ಕಳು. ಅಪ್ಪ ತಲೆ ಎತ್ತಲಿಲ್ಲ. ಅಜ್ಜಿ ಮಗನ ಎಲೆಗೆ ಇನ್ನೊಂದು ಹೋಳಿಗೆ ಹಾಕಿ, ಅವರ ತಲೆ ಸವರಿ ಹೇಳಿದರು: "ಹುಷಾರಿರಪ್ಪ. ನಿಂಗೂ ಅಂಥ ಫೋನ್ ಬಂದೀತು. ನೀನು ಮೊದ್ಲೇ ಪೆದ್ದ, ಪಾಪ, ಕೇಳಿದ ಕೂಡ್ಲೇ ಹೇಳಿಬಿಡ್ತಿ."

"ಹ್ಞೂಂ ಅವ್ವ," ಎಂದರು ಅಪ್ಪ.